ಟಿಕೋಟಾದ ಮೆಂತೆ, ಮಮದಾಪುರದ ಉಡಿ

ಮಮದಾಪುರ
೧೪ ಜೂನ್ ೨೦೨೫

ಯಪ್ಪಾ,

ನಮಸ್ಕಾರ. ಫೋನ್ ಹಚ್ಚಿದ್ರ ನೀ ಎತ್ತಂಗಿಲ್ಲ. ಎತ್ತಿದ್ರೂ ಮಾತಾಡದ ಅವ್ವನ ಕೈಯಾಗ ಕೊಡ್ತಿ. ಹಿಂಗಾಗಿ ಕಾಗದ ಬರದು ಗುರಣ್ಣ ಕಂಡಕ್ಟರನ ಕೈಯಾಗ ಕಳಸಾಕತ್ತೇನಿ. ಪೂರಾ ಓದು, ಅರ್ಧಕ್ಕ ಮಡಚಿ ಇಡಬ್ಯಾಡ.

ಎರಡು ವರ್ಷದ ಹಿಂದ, ದ್ರಾಕ್ಷಿ ಖರೀದಿ ಮಾಡಾಕ ಬಂದವರ ಮುಂದ, ಟಿಕೋಟಾದ ಅಷ್ಟೂ ತೋಟದವರ ಮುಂದ ನಾ ಅಂದದ್ದು ನನಗ ನೆನಪೈತಿ. "ನಮ್ಮಪ್ಪ ಮಾರೂ ದ್ರಾಕ್ಷಿಗೆ ಲೆಕ್ಕ ಇಲ್ಲದ ಔಷಧ ಹೊಡೀತಾನ, ಮನಿಯವರು ತಿನ್ನಾಕ ಮೂಲ್ಯಾಗ ಔಷಧ ಹೊಡೀಲಾರದ ಬ್ಯಾರೆ ಸಾಲು ಇಟ್ಟಾನ" ಅಂದೆ. ಮಾತು ಖರೆ ಇತ್ತು, ಇವತ್ತೂ ಅದನ್ನ ಅಂತೇನಿ. ಆದ್ರ ನಾಕು ಮಂದಿ ನಡುವ ನಿನ್ನ ತಲಿ ತಗ್ಗಸಬಾರದಿತ್ತು. ಅದು ನನ್ನ ತಪ್ಪು. ಅದಕ್ಕ ಕ್ಷಮಾ ಕೇಳ್ತೇನಿ, ಮಾತಿಗಲ್ಲ.

ಈಗ ಕೆಲಸದ ವಿಷಯ. ಇಲ್ಲಿ ಆರೋಗ್ಯ ಕೇಂದ್ರಕ್ಕ ನಾ ನರ್ಸ್ ಆಗಿ ಬಂದು ವರ್ಷ ಆತು. ನನ್ನ ರಿಜಿಸ್ಟರಿನಾಗ ಹತ್ತೊಂಬತ್ತು ಮಂದಿ ಬಸುರ್ಯಾರ ಅದಾರ, ಅದರಾಗ ಹದಿನಾಕು ಮಂದಿಗೆ ರಕ್ತ ಕಡಿಮಿ. ಕಬ್ಬಿಣದ ಗುಳಿಗಿ ಕೊಡ್ತೇನಿ. ಹೊಟ್ಟಿ ಉರೀತೈತಿ ಅಂತ ಒಲಿ ಹಿಂದ ಒಗೀತಾರ. ಉರೀಲಾರದ ಏನು ಮಾಡೀತು, ಹೊಟ್ಟ್ಯಾಗ ಏನರ ಇದ್ರಲ್ಲ? ಮುಂಜಾನೆ ರೊಟ್ಟಿ ಖಾರ, ಮಧ್ಯಾಹ್ನ ರೊಟ್ಟಿ ಬ್ಯಾಳಿ, ಸಂಜಿಗೆ ಎಲ್ಲಾರೂ ಉಂಡು ಉಳಿದದ್ದು. ಮೆಂತೆ, ರಾಜಗಿರಿಯಂಥಾ ತಪ್ಪಲ ಪಲ್ಯ ಬಬಲೇಶ್ವರ ಸಂತಿಗೆ ಬರ್ತೈತಿ, ಅಲ್ಲಿಂದ ಇಲ್ಲಿಗೆ ಮುಟ್ಟೂದ್ರಾಗ ಬಾಡಿ ಜೋತು ಬಿದ್ದಿರ್ತೈತಿ.

ಅವರಾಗ ನಂದಾ ಅಂತ ಒಬ್ಬಾಕಿ. ಕುರಿ ಕಾಯೂ ಅಮೋಘಿಯ ಹೆಣ್ತಿ. ಮೊದಲಿನ ಬಸಿರು ನಿಂದರಲಿಲ್ಲ, ಎರಡನೇ ಕೂಸು ಹುಟ್ಟಿ ಮೂರು ದಿನಕ್ಕ ಹೋತು. ಈಗ ಮತ್ತ ಎರಡು ತಿಂಗಳು. "ಬಾಯಾರ, ಇದರ ಉಳೀತೈತೇನ್ರಿ?" ಅಂತ ಕೇಳಿದ್ಳು. ಮಾತಾಡೂ ಪೈಕಿ ಅಲ್ಲ ಅಕಿ, ಅಷ್ಟ ಕೇಳಿದ್ಳು. ಅವತ್ತ ಈ ಕಾಗದ ಬರಿಯಾಕ ಕುಂತೆ.

ಬಾವಿ ಮಗ್ಗಲಿಂದು ಹತ್ತು ಗುಂಟೆ ಕೊಡು. ಔಷಧ ಹೊಡೀಲಾರದ ತಪ್ಪಲ ಪಲ್ಯ ಬೆಳಿ. ವಾರಕ್ಕ ಎರಡು ಬುಟ್ಟಿ ಬಸ್ಸಿಗೆ ಹಾಕು. ನಿನ್ನಷ್ಟು ಚೊಲೊ ಮೆಂತೆ ಬೆಳಿಯೂ ಕೈ ನಾ ಇನ್ನೂ ನೋಡಿಲ್ಲ.

ವಿಜಯಲಕ್ಷ್ಮೀ

---

ಟಿಕೋಟಾ
೨೩ ಜೂನ್ ೨೦೨೫

ಮಮದಾಪುರದ ನರ್ಸ್ ವಿಜಯಲಕ್ಷ್ಮೀ ಇವರಿಗೆ,

ತಮ್ಮ ಕಾಗದ ಮುಟ್ಟಿತು.

ಮೂಲ್ಯಾಗ ಸಾಲು ನಾ ಒಬ್ಬನ ಇಟ್ಟಿಲ್ಲ. ಈ ಊರಾಗ ಇಡಲಾರದಾಂವ ಒಬ್ಬನ್ನ ತೋರಸು, ಅಂವನ ಮನಿ ಮುಂದ ನೀರು ಹೊರತೇನಿ. ಎಲ್ಲಾರದೂ ಇತ್ತು, ಬಯಲಿಗೆ ಬಂದದ್ದು ಮಾತ್ರ ನಂದು, ಅದೂ ಹೊಟ್ಟ್ಯಾಗ ಹುಟ್ಟಿದಾಕಿ ಬಾಯಿಂದ. ಇರಲಿ. ಅದನ್ನ ಬರೀತಾ ಕುಂತ್ರ ಕಾಗದ ಸಾಲಂಗಿಲ್ಲ.

ಹತ್ತು ಗುಂಟೆ ಆಗಂಗಿಲ್ಲ. ಎಂಟು ಕೊಡ್ತೇನಿ. ಅದೂ ನಿನಗಲ್ಲ, ಆ ಬಸುರಿ ಹೆಣ್ಮಕ್ಕಳಿಗೆ. ನಿಮ್ಮವ್ವ ಕಾಗದ ಓದಿಸಿಕೊಂಡು ಎರಡು ದಿನ ಉಣ್ಣಲಿಲ್ಲ, ಅದೂ ಒಂದು ಕಾರಣ.

ಔಷಧ ಹೊಡಿಯಂಗಿಲ್ಲ. ಹುಳ ಬಿದ್ರ ಕೈಲೆ ಆರಸ್ತೇನಿ. ನೀ ಬೇಕಾದ ಮಷಿನ್ ತಗೊಂಡು ಬಂದು ತಪಾಸ ಮಾಡು.

ಒಂದು ಕರಾರು. ಇದು ಟಿಕೋಟಾದ ಗುರಲಿಂಗಪ್ಪಂದು ಅಂತ ಅಲ್ಲಿ ಯಾರ ಮುಂದೂ ಹೇಳಬ್ಯಾಡ. ಮಗಳು ಬೈದ ಮ್ಯಾಲೆ ಅಪ್ಪ ಶಾಣ್ಯಾ ಆದ ಅಂತ ಮಂದಿ ನಗೂದು ನನಗ ಬೇಕಾಗಿಲ್ಲ.

ಮೆಂತೆ ವಿಷಯ ಬರದದ್ದು ಮಾತ್ರ ಖರೆ ಐತಿ.

ಗುರಲಿಂಗಪ್ಪ, ದ್ರಾಕ್ಷಿ ಬೆಳೆಗಾರ

---

ಟಿಕೋಟಾ
೯ ಆಗಸ್ಟ್ ೨೦೨೫, ಶನಿವಾರ

ವಿಜಯಲಕ್ಷ್ಮೀ,

ಮೊದಲನೇ ಬುಟ್ಟಿ ಕಳಸೇನಿ. ಗುರಣ್ಣ ವಿಜಯಪುರ ಸ್ಟ್ಯಾಂಡಿನಾಗ ಇಳಿಸಿ ಮಮದಾಪುರ ಬಸ್ಸಿಗೆ ಹಾಕ್ತಾನ. ಬುಟ್ಟಿ ಮ್ಯಾಲಿನ ಹಸಿ ಗೋಣಿ ತಟ್ಟು ತಗೀಬ್ಯಾಡ, ತಗದ್ರ ಬಾಡ್ತೈತಿ.

ಮೆಂತೆ ನಲವತ್ತು ಸಿವುಡು. ರಾಜಗಿರಿ ಇಪ್ಪತ್ತು. ಹಕ್ಕರಕಿ ಹೊಲದ ಬದುವಿನಾಗ ತಾನ ಬಂದಿತ್ತು, ಅದನ್ನೂ ಹಾಕೇನಿ, ರೊಟ್ಟಿ ಜೋಡಿ ಹಸೀದ ತಿನ್ನಲಿ. ನಿಂಬಿಕಾಯಿ ಅರವತ್ತು. ನಿಂಬಿ ಹಿಂಡಿಕೊಂಡು ತಿಂದ್ರ ತಪ್ಪಲದಾಗಿನ ಕಬ್ಬಿಣ ಮೈಗೆ ಹತ್ತತೈತಿ ಅಂತ ನೀ ಅವ್ವಗ ಫೋನಿನಾಗ ಹೇಳಾಕತ್ತಿದ್ದಿ. ನಾ ಕದ್ದು ಕೇಳಿಲ್ಲ, ನೀ ದೊಡ್ಡ ಧ್ವನಿಲೆ ಮಾತಾಡ್ತಿ.

ಮಗ್ಗಲ ತೋಟದ ದೇವಾನಂದ ಬಂದು, "ಕಾಕಾ, ದ್ರಾಕ್ಷಿ ಬೆಳಿಯೂ ನೆಲದಾಗ ಮೆಂತೆ ಹಾಕೀರಲ್ಲ, ತಲಿ ಚೊಲೊ ಐತಿಲ್ಲೊ?" ಅಂದ. ಒಂದು ಎಲಿ ಹರದು ಅಂವನ ಬಾಯಾಗ ಹಾಕಿದೆ. ಜಗದ ಮ್ಯಾಲೆ ಎರಡು ಸಿವುಡು ಒಯ್ದ.

ಮಂಗಳವಾರ, ಶನಿವಾರ ಬುಟ್ಟಿ ಬರ್ತೈತಿ. ರಕ್ತ ಎಷ್ಟು ಏರಿತು ಬರದು ಕಳಸು. ಸುಮ್ನ ಥ್ಯಾಂಕ್ಸ್ ಬರೀಬ್ಯಾಡ, ಅಂಕಿ ಬರಿ.

ಗುರಲಿಂಗಪ್ಪ

---

ಮಮದಾಪುರ
೧೦ ಸೆಪ್ಟೆಂಬರ್ ೨೦೨೫

ಯಪ್ಪಾ,

ಅಂಕಿ ಬರಿ ಅಂದಿ. ಬರೀಲಾಕ ಕೈ ಏಳವಲ್ದು.

ಹನ್ನೊಂದು ಇರಬೇಕಾದ ರಕ್ತ ಆಗಸ್ಟಿನಾಗ ನಂದಾಂದು ಎಂಟು ಪಾಯಿಂಟ್ ಎರಡು ಇತ್ತು. ನಿನ್ನಿ ನೋಡಿದ್ರ ಎಂಟಕ್ಕ ಇಳದೈತಿ. ಉಳಿದವರದೂ ಅಲ್ಲೇ ನಿಂತೈತಿ. ಒಂದು ತಿಂಗಳು ನಿನ್ನ ಬುಟ್ಟಿ ಒಂದು ದಿನ ತಪ್ಪಿಲ್ಲ, ನಾ ಹಂಚೂದು ತಪ್ಪಿಲ್ಲ, ಹಿಂಗ್ಯಾಕ ಅಂತ ತಲಿ ಕೆಟ್ಟು ಹೋತು.

ಇವತ್ತು ಹೇಳಲಾರದ ಅಮೋಘಿ ಮನಿಗೆ ಹೋದೆ. ಹಟ್ಟ್ಯಾಗ ಮರಿ ಹಾಕಿದ ನಾಕು ಕುರಿ ನಿನ್ನ ಮೆಂತೆ ತಿನ್ನಾಕತ್ತಿದ್ವು. ನೀ ಜೋಳದ ಒಣ ರವದಿ ಎಲಿಲೆ ಕಟ್ಟಿದ ಗಂಟು ನನಗ ಗುರುತು ಸಿಗಂಗಿಲ್ಲೇನು? ಗಂಟು ಸೈತ ಬಿಚ್ಚಿರಲಿಲ್ಲ.

ಅಮೋಘಿಯ ಅವ್ವ ಹೊರಸಿನ ಮ್ಯಾಲೆ ಕುಂತಿದ್ಳು. ಬಚ್ಚಿಡೂ ಪೈಕಿ ಅಲ್ಲ ಅಕಿ, ಮುಖಕ್ಕ ಹೇಳಿದ್ಳು. "ನರ್ಸಬಾಯಿ, ಯಾರು ಕಳಸ್ಯಾರ ಅಂದ್ರ ನೀ ಟಿಕೋಟಾದ ಒಬ್ಬರು ಅಂತಿ. ಹೆಸರು ಹೇಳಂಗಿಲ್ಲ. ಅದೂ ಶನಿವಾರ, ಅದೂ ಪುಕ್ಕಟೆ. ಹೆಸರು ಮುಚ್ಚಿಕೊಂಡು ಶನಿವಾರ ದಾನ ಕೊಡಾವ್ರು ತಮ್ಮ ಮನಿ ಪೀಡಾ ಕಳಕೊಳ್ಳಾಕ ಕೊಡ್ತಾರ. ನನ್ನ ಸೊಸಿ ಎರಡು ಕೂಸು ಕಳಕೊಂಡಾಳ. ಯಾರದೋ ಶನಿ ತಂದು ಅಕೀ ಹೊಟ್ಟ್ಯಾಗ ಹಾಕಲೇನು? ಕುರಿಗೆ ಗ್ರಹ ಹತ್ತಂಗಿಲ್ಲ, ಕುರಿಗೆ ಹಾಕೇನಿ."

ನನ್ನ ಜೋಡಿ ಕೆಲಸ ಮಾಡೂ ಆಶಾ ಕಾರ್ಯಕರ್ತೆ ಮುಮತಾಜಳನ್ನ ಕರಕೊಂಡು ಉಳಿದ ಮನಿಗೂ ಹೋದೆ. ಎಮ್ಮಿಗೆ ಹಾಕ್ಯಾರ, ತಿಪ್ಪಿಗೆ ಒಗದಾರ, ಒಬ್ಬರು ಹಳ್ಳಕ್ಕ ಬಿಟ್ಟಾರ. ಯಾರನ್ನೂ ಬೈಯಲಿಲ್ಲ. ಆ ಮುದುಕಿ ಕಣ್ಣಾಗ ಹಟ ಇರಲಿಲ್ಲ ಯಪ್ಪಾ, ಅಂಜಿಕಿ ಇತ್ತು.

ನಂದಾಗ ಐದು ತಿಂಗಳು. ರಕ್ತ ಎಂಟರಾಗ ಇಟ್ಟುಕೊಂಡು ಹೆರಿಗಿಗೆ ಹೋದ್ರ ಕೂಸೂ ಅಷ್ಟಕ್ಕಷ್ಟೆ, ತಾಯೀನೂ ಅಷ್ಟಕ್ಕಷ್ಟೆ. ಏನು ಮಾಡ್ಲಿ ಹೇಳು.

ವಿಜಯಲಕ್ಷ್ಮೀ

---

ಟಿಕೋಟಾ
೧೩ ಸೆಪ್ಟೆಂಬರ್ ೨೦೨೫

ವಿಜಿ,

ಕುರಿ. ನನ್ನ ಮೆಂತೆ ಕುರಿ ತಿಂದ್ವು. ಮುಂಜಾನೆ ನಾಕಕ್ಕೆದ್ದು ಬ್ಯಾಟರಿ ಹಚ್ಚಿ ಒಂದೊಂದ ಹುಳ ಆರಿಸೇನಿ ನಾ. ಹಳ್ಳಕ್ಕ ಬಿಟ್ಟರಂತ. ಕಾಗದ ಓದಿ ಬುಟ್ಟಿ ಒದ್ದೆ. ಹೆಬ್ಬೆರಳು ಬಾತೈತಿ. ಇವತ್ತು ಬುಟ್ಟಿ ಕಳಸಿಲ್ಲ.

ಮಧ್ಯಾಹ್ನ ಉಣ್ಣೂ ಮುಂದ ಮತ್ತೊಮ್ಮೆ ಓದಿದೆ. ಆ ಮುದುಕಿ ಮಾತಿನಾಗ ತಪ್ಪು ಹುಡಕಿದೆ, ಸಿಗಲಿಲ್ಲ. ಹೆಸರು ಹೇಳಲಾರದ ಮನುಷ್ಯ ಶನಿವಾರ ಕೊಟ್ಟದ್ದನ್ನ ನಾನೂ ತಿಂತಿರಲಿಲ್ಲ. ನಿಮ್ಮವ್ವಗೂ ತಿನ್ನಾಕ ಬಿಡ್ತಿರಲಿಲ್ಲ. ಹೆಸರು ಹೇಳಬ್ಯಾಡ ಅಂದಾಂವ ನಾನ. ಶನಿವಾರ ಅಂದಾಂವನೂ ನಾನ. ನನ್ನ ಸೊಕ್ಕಿಗೆ ಆ ಹುಡುಗಿ ಒಂದು ತಿಂಗಳು ಉಪವಾಸ ಬಿದ್ಳು.

ಹೆಸರು ಹೇಳು. ಗುರಲಿಂಗಪ್ಪ ಅನ್ನು. ನಮ್ಮಪ್ಪ ಅನ್ನು. ನಗಾವ್ರು ನಗಲಿ.

ಉಳಿದದ್ದು ನಿಮ್ಮವ್ವ ಹೇಳ್ತಾಳ, ನಾ ಬರಕೊಳ್ಳಾಕತ್ತೇನಿ. ನಡುವ ನಂದೇನೂ ಸೇರಸಬಾರದಂತ:

"ವಿಜಿ, ನಾ ಕಾಶೀಬಾಯಿ. ಅಪ್ಪ ಮಗಳು ಇಬ್ಬರೂ ಓದಿದವರು, ಇಬ್ಬರಿಗೂ ಬುದ್ಧಿ ಇಲ್ಲ. ಬಸುರಿ ಹೆಂಗಸಿಗೆ ಯಾರರ ಚೀಲದಾಗ ಪಲ್ಯ ಹಾಕಿ ಕೊಡ್ತಾರೇನ? ಸೆರಗು ಒಡ್ಡಿಸಿ ಉಡಿ ತುಂಬತಾರ. ಉಡಿಗೆ ಬಿದ್ದದ್ದು ದಾನ ಅಲ್ಲ, ಮರ್ಯಾದಿ. ಅದನ್ನ ತುಂಬಿಸಿಕೊಂಡಾಕಿನ ಉಣಬೇಕು. ಅತ್ತಿ ಮುಟ್ಟಂಗಿಲ್ಲ, ಗಂಡ ಮುಟ್ಟಂಗಿಲ್ಲ, ಕುರಿ ಅಂತೂ ಮುಟ್ಟಂಗ ಇಲ್ಲ. ನವರಾತ್ರಿ ಶುಕ್ರವಾರ ನಾ ಬರ್ತೇನಿ. ವಿಜಯಪುರದಾಗ ಇಳದು ಖಣ, ಹಸರ ಬಳಿ ತಗೊಂಡು ಬರ್ತೇನಿ. ಹತ್ತೊಂಬತ್ತೂ ಮಂದೀನ ಕೂಡಸು."

ಇಷ್ಟು ಅಕೀ ಮಾತು. ಓದಿದವರು ಅಂತ ನನಗೂ ಸೇರಿಸ್ಯಾಳ, ನಾ ಸಾಲಿ ಕಲತದ್ದು ಏಳನೆತ್ತೆ.

ಅಪ್ಪ

---

ಮಮದಾಪುರ
೨೮ ಸೆಪ್ಟೆಂಬರ್ ೨೦೨೫

ಯಪ್ಪಾ,

ದ್ರಾಕ್ಷಿ ಚಾಟ್ನಿ ಐತಿ, ಟೊಂಗಿ ಕತ್ತರಸಬೇಕು ಅಂತ ನೀ ಬರಲಿಲ್ಲ. ಮಳಿ ಹಿಡದ ಆ ದಿನ ಯಾರೂ ಚಾಟ್ನಿ ಮಾಡಂಗಿಲ್ಲ ಅಂತ ನನಗ ಗೊತ್ತೈತಿ, ಇರಲಿ. ಅವ್ವ ಬಂದು ಹೇಳಿದ್ದು ಸಾಲಂಗಿಲ್ಲ, ನಾನೂ ಹೇಳ್ತೇನಿ.

ಸಾಲಿ ಪಡಸಾಲ್ಯಾಗ ಕಂಬಳಿ ಹಾಸಿ ಹತ್ತೊಂಬತ್ತು ಮಂದೀನ ಸಾಲಾಗಿ ಕುಂಡ್ರಿಸಿದ್ವಿ. ಅತ್ತೆಂದ್ರೂ ಬಂದಿದ್ರು, ಏನು ನಡೀತೈತಿ ನೋಡಾಕ. ನಾ ಎದ್ದು ನಿಂತೆ. "ಈ ಪಲ್ಯ ಬೆಳದಾಂವ ನಮ್ಮಪ್ಪ. ಟಿಕೋಟಾದ ಗುರಲಿಂಗಪ್ಪ. ಹೆಸರು ಮುಚ್ಚಿದ್ದು ನಮ್ಮ ಮನಿ ಜಗಳಕ್ಕ, ಯಾವ ಪೀಡಾಕ್ಕೂ ಅಲ್ಲ. ಇಕಿ ನಮ್ಮವ್ವ. ನಿಮ್ಮ ಉಡಿ ತುಂಬಾಕ ಬಂದಾಳ" ಅಂದೆ.

ಅಮೋಘಿಯ ಅವ್ವ ಮುಂದ ಬಂದು ಕೇಳಿದ್ಳು, "ಇದನ್ನ ನಿಮ್ಮ ಮನ್ಯಾಗ ತಿಂತೀರೇನು?"

ಎರಡು ವರ್ಷದ ಹಿಂದ ನಿನ್ನ ಮುಂದ ನಾ ಒಗದ ಕಲ್ಲು ಅದು.

ಅವ್ವ ಬುಟ್ಟ್ಯಾಗ ಕೈ ಹಾಕಿ ಒಂದು ಸಿವುಡು ತಗದು, ನಿಂತಲ್ಲೇ ಅರ್ಧ ತಿಂದ್ಳು. "ಹೊಲದಾಗ ಇದ ಮಡಿಯಾಗಿಂದು ನಮ್ಮನಿಗೂ ಹರೀತೇವಿ, ಇದ ಮಡಿಯಾಗಿಂದು ನಿಮಗೂ ಕಳಸ್ತೇವಿ. ಬ್ಯಾರೆ ಮಡಿ ಇಲ್ಲ" ಅಂದ್ಳು. ಮುದುಕಿ ಉಳಿದ ಅರ್ಧ ಇಸಗೊಂಡು ತಾನೂ ಜಗದು ನೋಡಿದ್ಳು. ನಾಲಿಗಿಗೆ ಹತ್ತಿದ್ದು ಏನೋ, ನಂದಾನ ಭುಜ ತಟ್ಟಿ, "ಸೆರಗು ಒಡ್ಡು" ಅಂದ್ಳು.

ಮೊದಲ ಅರಿಷಿಣ ಕುಂಕುಮ, ಆಮ್ಯಾಲೆ ಖಣ, ಕೊಬ್ಬರಿ ಬಟ್ಟಲ, ಅದರ ಮ್ಯಾಲೆ ಮೆಂತೆ, ರಾಜಗಿರಿ, ಹಕ್ಕರಕಿ, ಐದು ನಿಂಬಿಕಾಯಿ. ಸೆರಗು ತುಂಬಿ ಹೊರಗ ಬೀಳಾಕತ್ತಿತ್ತು. ಗುಲಶನ ಅನ್ನಾಕಿ ಕಡೀಕ ಕುಂತಿದ್ಳು. ಅಕೀದು ಬಿಡಬೇಕೋ ತುಂಬಬೇಕೋ ಅಂತ ಅವ್ವ ಒಂದು ಗಳಿಗಿ ನಿಂತ್ಳು. "ನಮ್ಮಲ್ಲೂ ತುಂಬತಾರ್ರಿ" ಅಂತ ಗುಲಶನ ತಾನ ಪಲ್ಲು ಒಡ್ಡಿದ್ಳು. ಮುಮತಾಜ ಬಿದ್ದು ಬಿದ್ದು ನಕ್ಕಳು.

ಇನ್ನು ಮುಂದ ಮಂಗಳವಾರ, ಶುಕ್ರವಾರ. ಯಾರಿಗೂ ಚೀಲದಾಗ ಕೊಡಂಗಿಲ್ಲ, ಸೆರಗಿನಾಗ ಹಾಕ್ತೇವಿ. ಗುಳಿಗಿ ಸೈತ ಸೆರಗಿನಾಗನ ಹಾಕ್ತೇನಿ ಈಗ, ಉಂಡ ಮ್ಯಾಲೆ ನುಂಗ್ರಿ ಅಂತ ಹೇಳಿ. ನಿನ್ನಿ ನಂದಾನ ಮನಿಗೆ ಹೋದಾಗ ಅಮೋಘಿ ರೊಟ್ಟಿ ಖಾರ ತಿನ್ನಾಕತ್ತಿದ್ದ, ಅಕೀ ತಾಟಿನಾಗ ಮೆಂತೆ ಇತ್ತು. ಅಂವ ಆಸಿಲೆ ನೋಡಿದ. ಅವನವ್ವ ಕೈ ಮ್ಯಾಲೆ ಚಟ್ಟಂತ ಹೊಡದ್ಳು.

ವಿಜಿ

---

ಟಿಕೋಟಾ
೭ ಅಕ್ಟೋಬರ್ ೨೦೨೫

ವಿಜಿ,

ಕಾಗದ ಓದಿದೆ. ಮೂರು ಸಲ. ನಿಮ್ಮವ್ವ ನಾಕನೇ ಸಲ ಓದಿಸಿಕೊಂಡ್ಳು, ಮೆಂತೆ ತಿಂದ ಕಡೆ ಎರಡು ಸಲ.

ಆ ದಿನ ಚಾಟ್ನಿ ಇರಲಿಲ್ಲ. ನಿನ್ನ ಮುಂದ ಬಂದು ಏನು ಮಾತಾಡಬೇಕು ತಿಳೀಲಿಲ್ಲ, ಅದಕ್ಕ ಬರಲಿಲ್ಲ.

ಅಮೋಘಿಗೆ ಹೇಳು, ಅಂವಗ ಬ್ಯಾರೆ ಹತ್ತು ಸಿವುಡು ಹಾಕೇನಿ. ಹೆಣ್ತಿ ತಾಟು ನೋಡೂದು ಬಿಡಲಿ.

ಅಪ್ಪ

---

ಮಮದಾಪುರ
೧೨ ಡಿಸೆಂಬರ್ ೨೦೨೫

ಯಪ್ಪಾ,

ಅಂಕಿ ಬರೀತೇನಿ, ಕುಂತು ಓದು.

ನಂದಾ ಹತ್ತು ಪಾಯಿಂಟ್ ಎಂಟು. ಗುಲಶನ ಹನ್ನೊಂದು. ಹಡದವರೂ ಸೇರಿ ಹದಿನಾಕು ಮಂದ್ಯಾಗ ಹನ್ನೊಂದು ಮಂದಿದು ಏರೈತಿ, ಉಳಿದ ಮೂವರದು ಸಾವಕಾಶ ಏರಾಕತ್ತೈತಿ. ಗುಳಿಗಿದೂ ಪಾಲು ಐತಿ, ಎಲ್ಲಾ ನಿನ್ನ ಮೆಂತೇದ ಅಂತ ಊರ ತುಂಬ ಹೇಳಿಕೋತ ತಿರಗಬ್ಯಾಡ. ಆದ್ರ ಗುಳಿಗಿ ಹೊಟ್ಟ್ಯಾಗ ನಿಂತದ್ದು ನಿನ್ನ ಪಲ್ಯದಿಂದ. ತಾಲೂಕಿನ ಡಾಕ್ಟರ ಬಾಯಾರು ನನ್ನ ರಿಜಿಸ್ಟರ್ ನೋಡಿ, "ಏನು ಮಾಡಿದಿ ನೀನು?" ಅಂತ ಕೇಳಿದ್ರು. "ಉಡಿ ತುಂಬಿದ್ವಿ ಮೇಡಂ" ಅಂದೆ. ತಮಾಷಿ ಮಾಡಾಕತ್ತೇನಿ ಅಂದುಕೊಂಡ್ರು. ಆಮ್ಯಾಲೆ ಪೂರಾ ಕೇಳಿ ಬರಕೊಂಡ್ರು.

ಈ ಊರಾಗ ಈಗ ನಿನಗ ಗುರಲಿಂಗಪ್ಪ ಅನ್ನಂಗಿಲ್ಲ. ಮೆಂತೆಪ್ಪ ಅಂತಾರ.

ನಂದಾಂದು ಜನವರಿ ಮೂರನೇ ವಾರ. ಅಂಜಿಕಿ ಇನ್ನೂ ಐತಿ ಯಪ್ಪಾ. ಎರಡು ಕೂಸು ಹೋಗಿದ್ದ ಹೊಟ್ಟಿ ಅದು.

ವಿಜಿ

---

ಬಬಲೇಶ್ವರ, ಸರಕಾರಿ ದವಾಖಾನಿ
೨೦ ಜನವರಿ ೨೦೨೬

ಯಪ್ಪಾ,

ನಿನ್ನಿ ಮುಂಜಾನೆ ಹನ್ನೊಂದಕ್ಕ ನಂದಾ ಹಡದಾಳ. ಹೆಣ್ಣು. ಎರಡು ಕಿಲೊ ಎಂಟುನೂರು ಗ್ರಾಂ. ಹುಟ್ಟಿದ ಕೂಡಲೆ ಅತ್ತದ್ದು ಎಂಥಾ ಧ್ವನಿ ಅಂದ್ರ, ಹೊರಗಿನ ಗಿಡದ ಕೆಳಗ ಕುಂತ ಅಮೋಘಿ ಎದ್ದು ನಿಂತನಂತ.

ರಕ್ತ ಏರಸೂ ಪ್ರಸಂಗ ಬರಲಿಲ್ಲ. ನಂದಾ ಚೊಲೊ ಅದಾಳ. "ಬಾಯಾರ, ಉಳೀತ್ರಿ" ಅಂದ್ಳು. ನಾ ಹೊರಗ ಹೋಗಿ ನಲ್ಲಿ ಬಿಟ್ಟು ಅತ್ತೆ, ಯಾರೂ ನೋಡಬಾರದು ಅಂತ. ನರ್ಸ್ ಅಳಬಾರದು ಅಂತ ಕಲಿಸಿದ್ರು ನಮಗ.

ಅವ್ವಗ ಓದಿ ಹೇಳು. ಬಾಣಂತಿಗೆ ಮೆಂತೆ, ಸಬ್ಬಸಗಿ ಕಳಸು. ಹಾಲು ಬರ್ತೈತಿ.

ವಿಜಿ

---

ಟಿಕೋಟಾ
೨ ಮಾರ್ಚ್ ೨೦೨೬

ವಿಜಿ,

ನಿನ್ನಿ ಐತವಾರ ಒಂದು ಗಮ್ಮತ್ತು ಆತು. ನಿನಗ ಯಾರೂ ಹೇಳಿಲ್ಲ ಅಂತ ಗೊತ್ತೈತಿ, ಹೇಳಬ್ಯಾಡ ಅಂತ ಬಂದವರು ತಾಕೀತು ಮಾಡ್ಯಾರ. ನಾ ಹೇಳ್ತೇನಿ.

ದ್ರಾಕ್ಷಿ ಕೊಯ್ಲು ನಡದೈತಿ, ಹಣ್ಣು ಒಣಗಿಸಿ ಮಣೂಕ ಮಾಡೂ ಶೆಡ್ಡಿನಾಗ ಉಸರು ಬಿಡಾಕ ಹೊತ್ತಿಲ್ಲ. ಹನ್ನೊಂದರ ಸುಮಾರು ಗುರಣ್ಣ ಬಸ್ಸನ್ನ ತೋಟದ ದಾರಿಗೇ ನಿಲ್ಲಿಸಿ ಸೀಟಿ ಊದಿದ. ಇಳದವರು ಯಾರು? ಅಮೋಘಿ, ನಂದಾ, ಮುದುಕಿ. ಮುದುಕಿ ಎದಿ ಮ್ಯಾಲೆ ಕೂಸು.

"ಮೆಂತೆಪ್ಪ ಅಂದ್ರ ನೀವೇನ್ರಿ?" ಅಂದ್ಳು. ಹೂಂ ಅಂದೆ. "ಹೊಲ ತೋರಸ್ರಿ" ಅಂದ್ಳು. ನೀರು ಕುಡೀರಿ, ಕುಂಡ್ರಿ ಅಂದ್ರ ಕೇಳವಲ್ಲಳು. ಮಡಿ ಮಡಿ ನಡದು ನೋಡಿದ್ಳು. ರಾಜಗಿರಿ ದಟ್ಟ ಬಿತ್ತೀರಿ, ಉಸರು ಕಟ್ಟತೈತಿ ಅಂತ ತಪ್ಪು ತಗದ್ಳು. ನನಗ. ಟಿಕೋಟಾದಾಗ ಒಬ್ಬಾಂವಗೂ ಧೈರ್ಯ ಇಲ್ಲ ನನ್ನ ಹೊಲದಾಗ ನಿಂತು ತಪ್ಪು ತಗಿಯಾಕ. ಸಂಜಿಗೆ ಕಿತ್ತು ತೆಳುವು ಮಾಡಿದೆ. ಅಕಿ ಹೇಳಿದ್ದು ಬರೋಬ್ಬರಿ ಇತ್ತು.

ಆಮ್ಯಾಲೆ ಮೆಂತೆ ಮಡಿ ಬಾಜೂಕ ಕಂಬಳಿ ಹಾಸಿ ಕೂಸನ್ನ ಮಲಗಿಸಿದ್ಳು. ಗುಂಡ ಗುಂಡಕ ಐತಿ ಕೂಸು, ಕೈ ಮುಷ್ಟಿ ಬಿಡವಲ್ದು. ನಿಮ್ಮವ್ವ ರೊಟ್ಟಿ, ಎಣಗಾಯಿ, ಮೊಸರು ತಂದ್ಳು, ಅಲ್ಲೇ ಉಂಡ್ವಿ. ನಂದಾ ಮಾತಾಡಂಗಿಲ್ಲ ಅಂತ ನೀ ಬರದಿದ್ದಿ. ನಿನ್ನ ಸುದ್ದಿ ತಗದ್ರ ಬಾಯಿ ಮುಚ್ಚಂಗಿಲ್ಲ ಅಕಿ. ಆರು ತಿಂಗಳು ಬಿಸಲಾಗ, ಮಳ್ಯಾಗ ಅಕೀ ಬಾಗಲಕ್ಕ ಹೋಗಿ ನಿಂತಿಯಂತ. ಅಕಿ ಗುಳಿಗಿ ನುಂಗೂತನ ಹೊಸ್ತಿಲ ಬಿಡಲಿಲ್ಲಂತ. ಇದನ್ನೆಲ್ಲ ನೀ ಕಾಗದದಾಗ ಬರೀಲಿಲ್ಲ. ಪಲ್ಯದ ಸುದ್ದಿ ಅಷ್ಟ ಬರದಿ. ನನ್ನ ಮೆಂತೆ, ನನ್ನ ಮೆಂತೆ ಅಂತ ನಾ ಇಷ್ಟು ದಿನ ಊರ ತುಂಬ ಹೇಳಿಕೊಂಡು ತಿರಗೇನಿ, ನಾಚಿಕಿ ಬಂತು ನನಗ.

ಉಂಡ ಮ್ಯಾಲೆ ಮುದುಕಿ ಎಲಿ ಅಡಕಿ ಹಾಕ್ಕೋತ ಕೇಳಿದ್ಳು, "ಎಷ್ಟು ಮಕ್ಕಳ್ರಿ ನಿಮಗ?"

"ಒಬ್ಬಾಕಿನ ಮಗಳು."

"ಗಂಡುಮಕ್ಕಳು?"

"ಇಲ್ಲ."

ಈ ಮಾತು ಮೂವತ್ತು ವರ್ಷದಿಂದ ಎಷ್ಟು ಮಂದಿಗೆ ಹೇಳೇನಿ ವಿಜಿ. ಬೀಗರು ಬಿಜ್ಜರು, ವ್ಯಾಪಾರದವರು, ಮಠದ ಸ್ವಾಮಿಗೋಳು ಸೈತ, ಇಲ್ಲ ಅಂದಕೂಡಲೆ ಲೊಚ್ಚ್ ಅಂತಾರ. ನಾ ಕೆಳಗ ನೋಡ್ತೇನಿ. ನಿನ್ನಿನೂ ರೂಢಿಲೆ ಕೆಳಗ ನೋಡಿದೆ.

ಮುದುಕಿ ಲೊಚ್ಚ್ ಅನ್ನಲಿಲ್ಲ. ತನ್ನ ಮೊಮ್ಮಗಳನ್ನ ನೋಡಿದ್ಳು, ನನ್ನನ್ನ ನೋಡಿದ್ಳು. ಖರೇನ ತಿಳೀಲಾರದ ಕೇಳಿದಂಗ ಕೇಳಿದ್ಳು:

"ಮತ್ತ ಇನ್ನೇನು ಬೇಕ್ರಿ ನಿಮಗ?"

ನಾ ತಲಿ ಎತ್ತಿ ಕುಂತೆ. ಬಸ್ಸು ಹೊಂಡೂತನ ಹಂಗ ಕುಂತಿದ್ದೆ.

ನಿನ್ನ ಮ್ಯಾಲೆ ನನಗ ಭಾಳ ಅಭಿಮಾನ ಐತಿ.

ಮಮದಾಪುರದ ನರ್ಸಬಾಯಿಯ ಅಪ್ಪ,
ಗುರಲಿಂಗಪ್ಪ